ಪ್ರಶ್ನೆ ಕೊನೆಗೆ ಕೇಳಿ

ಬೆಲೆಯ ಬಗ್ಗೆ ಇಡೀ ಆಯುಷ್ಯ ಪಾಠ ಹೇಳಿದವನು ನಾನು. ಆದರೂ ನಮ್ಮ ಮನೆಗೆಲಸದ ಮಾಶಿ ನನ್ನನ್ನು ಕಲ್ಕತ್ತಾದ ಬಾಲಿಗಂಜ್ ಮಾರುಕಟ್ಟೆಗೆ ಒಬ್ಬನೇ ಹೋಗಲು ಬಿಡುವುದಿಲ್ಲ. ನಾನು ಹೋದ ದಿನ ತರಕಾರಿಯವನು ಬೇಗ ಅಂಗಡಿ ಕಟ್ಟಿ ಮನೆಗೆ ಹೋಗುತ್ತಾನಂತೆ, ಅಷ್ಟು ಲಾಭವಂತೆ. ಮದುವೆಯಾಗದೆ ಉಳಿದ ನನ್ನಂಥವನಿಗೆ ಹೀಗೆ ಮುಖದ ಮೇಲೆ ಸತ್ಯ ಹೇಳುವವರು ಮಾಶಿಯರೇ.

ಜೋಕಾದ ಕಡೆ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನಾನು ಬೆಲೆ ನಿರ್ಧಾರ ಎಂಬ ವಿಷಯ ಕಲಿಸುತ್ತಿದ್ದೆ. ಯಾವ ವಸ್ತುವಿಗೆ, ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎನ್ನುವುದೇ ಆ ಶಾಸ್ತ್ರ. ಈಚೆಗೆ ಅದೇ ಕಾಲೇಜಿಗೆ ಸೇರಿದ ಇಬ್ಬರು ಕನ್ನಡದ ತರುಣರು ಮನೆಗೆ ಬಂದು, "ಸರ್, ನಿಮ್ಮ ಅನುಭವ ಬರೆದುಕೊಡಿ, ನಮಗೆ ದಾರಿಯಾಗುತ್ತೆ" ಎಂದರು. ದಾರಿ ತೋರಿಸುವಷ್ಟು ದಾರಿ ನನಗೇ ಕಂಡಿಲ್ಲ. ಎಲ್ಲೆಲ್ಲಿ ಎಡವಿದೆ ಎಂದು ಬೇಕಾದರೆ ಹೇಳಬಲ್ಲೆ. ಬಡ್ತಿ, ಸನ್ಮಾನಗಳ ಸುದ್ದಿ ಬಿಟ್ಟುಬಿಡುತ್ತೇನೆ. ಹೊದಿಸಿದ ಶಾಲುಗಳೆಲ್ಲ ಕಪಾಟಿನಲ್ಲಿ ನುಸಿಗುಳಿಗೆಯ ಜತೆ ಸುಖವಾಗಿವೆ.

ಮೊದಲ ಎಡವು ಮೊದಲ ವಾರದಲ್ಲೇ. ನಮ್ಮ ವಿಭಾಗದ ಮುಖ್ಯಸ್ಥರು ಹಿರಿಯ ಬಂಗಾಳಿ, ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು. ಒಂದು ದಿನ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕೂತರು, ಕಣ್ಣು ಮುಚ್ಚಿದರು. ನಿದ್ದೆ ಹೋಗಿದ್ದಾರೆಂದೇ ಎಣಿಸಿ ನಾನು ಇನ್ನಷ್ಟು ಹುಮ್ಮಸ್ಸಿನಿಂದ ಪಾಠ ಮಾಡಿದೆ. ಬೋರ್ಡಿನ ಮೇಲೆ ಒಂದಿಂಚು ಜಾಗ ಉಳಿಯಲಿಲ್ಲ. ನಡುವೆ ಹುಡುಗರು ಕೈಯೆತ್ತಿದಾಗಲೆಲ್ಲ "ಪ್ರಶ್ನೆ ಕೊನೆಗೆ ಕೇಳಿ" ಎಂದೆ. ಗಂಟೆ ಹೊಡೆಯಿತು, ಕೊನೆ ಬರಲೇ ಇಲ್ಲ. ಹೊರಗೆ ಬಂದ ಮೇಲೆ ದಾದಾ ಚಹಾ ತರಿಸಿ, "ನಿನ್ನ ಧ್ವನಿ ಚೆನ್ನಾಗಿದೆ. ಇವತ್ತು ಬೇರೆ ಯಾರ ಧ್ವನಿಯಾದರೂ ಕೇಳಿಸಿತೇನು ನಿನಗೆ?" ಎಂದು ಕೇಳಿದರು. ಹೊಗಳಿಕೆ ಎಂದುಕೊಂಡು ನಾನು ನಕ್ಕೆ. ಅದು ಹೊಗಳಿಕೆಯಲ್ಲ ಎಂದು ಹೊಳೆಯಲು ಒಂದು ವರ್ಷ ಬೇಕಾಯಿತು. ಹೊಳೆದ ಮೇಲೂ ನಾನು ಬದಲಾಗಲಿಲ್ಲ ಎನ್ನುವುದು ಬೇರೆ ಮಾತು.

ಎರಡನೆಯದು ಭಟ್ಟರ ಹೋಟೆಲಿನದು. ಭಟ್ಟರು ಉಡುಪಿಯ ಕಡೆಯವರು. ಬಾಲಿಗಂಜಿನಲ್ಲಿ ಸಣ್ಣ ತಿಂಡಿ ಹೋಟೆಲು, ಜತೆಗೆ ಮದುವೆ ಮುಂಜಿಗಳಿಗೆ ಅಡುಗೆ ಮಾಡಿಸುವ ಕೇಟರಿಂಗ್. ಅವರ ದೋಸೆ ತಿಂದು ಬೆಳಗು ಮಾಡಿದವನು ನಾನು, ಋಣ ತೀರಿಸೋಣ ಎಂದು ಪುಕ್ಕಟೆ ಸಲಹೆ ಕೊಟ್ಟೆ. "ಭಟ್ರೇ, ಯಾರೂ ಕೊಳ್ಳದಂಥ ಒಂದು ದುಬಾರಿ ದೋಸೆಯನ್ನು ಪಟ್ಟಿಯ ಮೇಲೆ ಹಾಕಿ. ಅದರ ಪಕ್ಕದಲ್ಲಿ ನಿಮ್ಮ ಮಸಾಲೆ ದೋಸೆ ಅಗ್ಗವಾಗಿ ಕಾಣುತ್ತೆ" ಎಂದೆ. ಶಾಸ್ತ್ರದಲ್ಲಿ ಅದಕ್ಕೊಂದು ಹೆಸರಿದೆ. ಭಟ್ಟರು ನಂಬಿ, ತುಪ್ಪ ಗೋಡಂಬಿಯ ಮಹಾರಾಜ ದೋಸೆ ಎಂದು ಬರೆಸಿದರು. ಮರುದಿನದಿಂದಲೇ ಹಳೆಯ ಗಿರಾಕಿಗಳು ಬಾಗಿಲಲ್ಲೇ ಪಟ್ಟಿ ನೋಡಿ, ಇದು ದೊಡ್ಡವರ ಹೋಟೆಲಾಯಿತು ಎಂದು ಹಿಂದಿರುಗತೊಡಗಿದರು. ವಾರದ ಕೊನೆಗೆ ಭಟ್ಟರು ಹಲಗೆ ಒರೆಸುತ್ತ ಹೇಳಿದರು:

"ನಿಮ್ಮ ಲೆಕ್ಕ ಎಲ್ಲ ಸರಿ ಉಂಟು ಮಾರಾಯ್ರೆ. ನಮ್ಮಲ್ಲಿಗೆ ಬರುವ ಜನ ಮಾತ್ರ ತಪ್ಪು."

ಕಲಿಸುವ ರೀತಿಯೂ ಬದಲಾಗುತ್ತ ಹೋಯಿತು. ಸೀಮೆಸುಣ್ಣ ಹೋಗಿ ಪ್ಲಾಸ್ಟಿಕ್ ಹಾಳೆ ಬಂತು, ಅದು ಹೋಗಿ ಸ್ಲೈಡುಗಳು ಬಂದವು. ನಿವೃತ್ತಿಗೆ ಹತ್ತಿರವಾದಾಗ ಸಾಂಕ್ರಾಮಿಕದ ದೆಸೆಯಿಂದ ಹುಡುಗರೆಲ್ಲ ಪರದೆಯ ಮೇಲಿನ ಕಪ್ಪು ಚೌಕಗಳಾದರು. ಚೌಕದ ಮೇಲೊಂದು ಹೆಸರು, ಒಳಗೆ ಯಾರಿದ್ದಾರೋ ಇಲ್ಲವೋ. ಸಹೋದ್ಯೋಗಿಗಳು ಗೋಳಾಡಿದರು. ನನಗೇನೂ ಕಷ್ಟವಾಗಲಿಲ್ಲ, ನಿಜ ಹೇಳಬೇಕೆಂದರೆ ಹಾಯಾಗಿಯೇ ಇತ್ತು. ನನ್ನ ಮುಂದೆ ಮೊದಲಿನಿಂದಲೂ ಚೌಕಗಳೇ ಕೂತಿದ್ದವೇನೋ ಎಂದು ಈಗ ನಾಚಿಕೆಯಾಗುತ್ತದೆ.

ಇನ್ನು ಪ್ರವಾಸದ ಕಥೆ. ಆನ್‌ಲೈನಿನಲ್ಲಿ ಕೋಣೆ, ಟಿಕೆಟ್ ಮಾರುವ ಒಂದು ಕಂಪನಿಯವರು ನನ್ನನ್ನು ಸಲಹೆಗೆ ಕರೆದಿದ್ದರು. ಮೊದಲು ಸಣ್ಣ ಬೆಲೆ ತೋರಿಸಿ, ಮಿಕ್ಕದ್ದನ್ನು ಕೊನೆಯ ಪುಟದಲ್ಲಿ ಸೇರಿಸಿ ಎಂದು ಹೇಳಿಕೊಟ್ಟೆ. 'ಇನ್ನು ಎರಡೇ ಕೋಣೆ ಉಳಿದಿವೆ' ಎಂದು ಕೆಂಪಕ್ಷರದಲ್ಲಿ ಬರೆಯಿರಿ, ಅವಸರದಲ್ಲಿರುವ ಮನುಷ್ಯ ಬೆಲೆ ನೋಡುವುದಿಲ್ಲ ಎಂದೆ. ಚಪ್ಪಾಳೆ ತಟ್ಟಿದರು. ಕೆಲವು ವರ್ಷ ಕಳೆದು ನಾನೇ ದೀಘಾದ ಸಮುದ್ರ ನೋಡಲು ಹೋಗೋಣವೆಂದು ಹುಡುಕುವಾಗ ಅದೇ ಕೆಂಪಕ್ಷರ ಕಂಡಿತು. ನಾನೇ ಹೆತ್ತ ಮಗುವೆಂದು ಗೊತ್ತಿದ್ದೂ ಕೈ ತಾನಾಗಿ ದುಡ್ಡು ಕಟ್ಟಿತು. ಹೋಗಿ ನೋಡಿದರೆ ಲಾಡ್ಜಿಗೆ ಲಾಡ್ಜೇ ಭಣಭಣ. "ಎರಡೇ ಕೋಣೆ ಅಂತ ಇತ್ತಲ್ಲಪ್ಪ?" ಎಂದು ಮ್ಯಾನೇಜರನನ್ನು ಕೇಳಿದೆ. ಹಾಸಿಗೆ ಇರುವುದು ಎರಡಕ್ಕೇ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. ಊರಿಗೆ ಬಂದು ಇದನ್ನು ಭಟ್ಟರ ಹೋಟೆಲಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ದೇಶಪಾಂಡೆ.

ದೇಶಪಾಂಡೆಯವರ ವಿಷಯ ಹೇಳಲೇಬೇಕು. ಧಾರವಾಡದವರು, ರೈಲ್ವೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದವರು, ಬಾಲಿಗಂಜಿನ ಪಕ್ಕದ ಕಸ್ಬಾ ಬಡಾವಣೆಯಲ್ಲಿ ಮೂರನೆಯ ಮಹಡಿಯ ಮನೆ. ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಫೋನು. ಇಪ್ಪತ್ತು ವರ್ಷಗಳಿಂದ ನನ್ನ ಭಾನುವಾರದ ಊಟ ಅವರ ಮನೆಯಲ್ಲಿ. ದೇಶಪಾಂಡೆಯವರೂ ನಾನೂ ಹೊರಗಿನ ಕೋಣೆಯಲ್ಲಿ ಕೂತು ಜಗತ್ತನ್ನೆಲ್ಲ ರಿಪೇರಿ ಮಾಡುತ್ತಿದ್ದೆವು. ಅವರ ಮನೆಯವರು ಬಿಸಿ ರೊಟ್ಟಿ ತಂದು ಬಡಿಸುತ್ತಿದ್ದರು. ಭಟ್ಟರ ಕೇಟರಿಂಗಿಗೂ ಆಗಾಗ ಜೋಳದ ರೊಟ್ಟಿ ತಟ್ಟಿಕೊಡುತ್ತಿದ್ದರು. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ಆಡಿದ ಮಾತೆಂದರೆ ಹೆಚ್ಚಾಗಿ "ಸಾಕು, ಸಾಕು".

ಇನ್ನು ಮುಖ್ಯ ಸಂಗತಿ. ನಮ್ಮ ಕನ್ನಡ ಸಂಘದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಫೋನಿನ ಮೋಸಕ್ಕೆ ಸಿಕ್ಕಿಬಿದ್ದರು. ಬೇರೆಯವರಿಗೆಲ್ಲ ಎಚ್ಚರಿಕೆ ಹೇಳುತ್ತಿದ್ದ ಮನುಷ್ಯ. ಕೇಳಿದರೆ ಅವರು ಹೇಳಿದ್ದು ಇಷ್ಟೇ: "ಅವನು ಕನ್ನಡದಲ್ಲಿ ಮಾತಾಡಿದ ಸಾರ್. ಕಲ್ಕತ್ತಾದಲ್ಲಿ ಕೂತವನಿಗೆ ಯಾರೋ ಫೋನ್ ಮಾಡಿ 'ಚೆನ್ನಾಗಿದ್ದೀರಾ' ಅಂದ್ರೆ ಅಪನಂಬಿಕೆ ಹೇಗೆ ಬರುತ್ತೆ?" ಮಾತು ನಿಜವೇ. ಈ ಊರಿನಲ್ಲಿ ಬಸ್ಸಿನಲ್ಲಿ ಯಾರಾದರೂ ಕನ್ನಡದಲ್ಲಿ ಆಕಳಿಸಿದರೂ ನಾವು ತಿರುಗಿ ನೋಡುತ್ತೇವೆ. ಸಂಘದವರು ಹೆದರಿ, ರಾಜ್ಯೋತ್ಸವದ ಸಭೆಯಲ್ಲಿ ಈ ಬಗ್ಗೆ ನನ್ನ ಭಾಷಣ ಇಟ್ಟುಕೊಂಡರು.

ತಯಾರಿಗೆ ಕೂತಾಗ ಒಂದು ವಿಷಯ ನನ್ನನ್ನು ಚುಚ್ಚಿತು. ಮೋಸಗಾರರ ಸಂದೇಶಗಳನ್ನೂ ನನ್ನ ಹಳೆಯ ಸ್ಲೈಡುಗಳನ್ನೂ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಮುಖದ ಹಾಗಿದ್ದವು. ಅದೇ ಅವಸರ, ಅದೇ 'ಈಗಲೇ, ಇಲ್ಲದಿದ್ದರೆ ಇಲ್ಲ'. ಈ ಪಾಪವನ್ನು ತೊಳೆದುಕೊಳ್ಳಬೇಕೆಂಬ ಹಟ ಹುಟ್ಟಿತು. ನಾನು ಕಲಿತ ಶಾಸ್ತ್ರದಿಂದಲೇ ಒಂದು ಉಪಾಯ ಕಂಡುಹಿಡಿದೆ. ಬೆಲೆಯೆಂದರೆ ಬರೀ ದುಡ್ಡಲ್ಲ. ನಿಜವಾದವನಿಗೆ ಅಗ್ಗವೂ ಸುಳ್ಳನಿಗೆ ದುಬಾರಿಯೂ ಆಗುವಂಥ ಪ್ರವೇಶ ಶುಲ್ಕವೊಂದನ್ನು ಬಾಗಿಲಲ್ಲಿ ಇಡಬೇಕು. ಅದು ಮನೆಯ ಮಾತಾಗಿದ್ದರೆ ಇನ್ನೂ ಒಳ್ಳೆಯದು.

ಸಭೆಯಲ್ಲಿ ನಾನು ಹೇಳಿದ್ದು ಎರಡು ಮಾತು. ಮೊದಲನೆಯದು, ಫೋನು ಕೈಬಿಟ್ಟು ಹೋದರೂ ನೆರವಾಗುವಂತೆ ಯಾರದಾದರೂ ಒಂದು ನಂಬರನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ಯಾರದೂ ಬೇಡವಾದರೆ ನನ್ನದೇ ಇದೆ ಎಂದು ಬೋರ್ಡಿನ ಮೇಲೆ ಬರೆದೆ. ಎರಡನೆಯದು, ಗೊತ್ತಿಲ್ಲದ ನಂಬರಿನಿಂದ ಯಾರಾದರೂ ಕನ್ನಡದಲ್ಲಿ ಅವಸರದಿಂದ ದುಡ್ಡು ಕೇಳಿದರೆ ಒಂದೇ ಪ್ರಶ್ನೆ ಕೇಳಿ: ಪೇಯಾರಾಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ?

ಪೇಯಾರಾ ಎಂದರೆ ಬಂಗಾಳಿಯಲ್ಲಿ ಸೀಬೆಹಣ್ಣು. ಇಲ್ಲಿ ಬೀದಿ ಬೀದಿಯಲ್ಲಿ ಉಪ್ಪು ಖಾರ ಹಚ್ಚಿ ಮಾರುತ್ತಾರೆ. "ಯಂತ್ರದಿಂದ ಕನ್ನಡ ಕಲಿತ ಕಳ್ಳ ವ್ಯಾಕರಣ ಕಲಿತಿರ್ತಾನೆ, ಸೀಬೆಹಣ್ಣು ತಿಂದಿರೋದಿಲ್ಲ!" ಎಂದೆ. ಸಭೆ ನಕ್ಕಿತು. ಆಗ ಹಿಂದೆ ಹೆಂಗಸರ ಸಾಲಿನಿಂದ ಯಾರೋ ಎದ್ದು ಏನೋ ಹೇಳತೊಡಗಿದರು. ದೀಪದ ಬೆಳಕು ನನ್ನ ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಕಾಣಲಿಲ್ಲ. ನಗು ಆರುವ ಮೊದಲು ಮುಂದಿನ ಮಾತು ಹೇಳುವ ಆತುರ ಬೇರೆ. "ಪ್ರಶ್ನೆ ಕೊನೆಗೆ ಕೇಳಿ ಅಮ್ಮ" ಎಂದೆ. ಕೊನೆಗೆ ಚಹಾ, ಭಟ್ಟರ ಗೋಳಿಬಜೆ ಬಂದವು. ಎಲ್ಲರೂ ಎದ್ದರು.

ಚಳಿಗಾಲದಲ್ಲಿ ದೇಶಪಾಂಡೆ ದಂಪತಿ ಪುರಿಗೆ ಹೊರಟರು. ಕೋಣೆಯನ್ನು ಕೆಂಪಕ್ಷರ ನೋಡಿಯೇ ಹಿಡಿದಿದ್ದೇನೆ ಎಂದು ದೇಶಪಾಂಡೆ ನನ್ನನ್ನು ಛೇಡಿಸಿದರು. ಹೋದ ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಆರಾಮಕುರ್ಚಿಯಲ್ಲಿ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ಧ್ವನಿ, ಅಳು, ಹಿಂದೆ ಗದ್ದಲ.

"ಸರ್, ನಾನ್ರೀ, ದೇಶಪಾಂಡೆಯವರ ಮನಿಯವರು ಮಾತಾಡೋದು. ಪುರಿಯಿಂದ. ಇವರು ಸಮುದ್ರದ ದಂಡಿ ಮ್ಯಾಲೆ ಎದಿ ಹಿಡ್ಕೊಂಡು ಬಿದ್ದಾರ್ರೀ. ಫೋನು ನೀರಾಗ ಬಿದ್ದು ಕೆಟ್ಟೈತಿ. ದವಾಖಾನಿಯವರು ಮೊದಲ ರೊಕ್ಕಾ ಕಟ್ರಿ ಅಂತಾರ. ಲಗೂನ ಏನಾರ ಮಾಡ್ರೀ ಸರ್."

ಗೊತ್ತಿಲ್ಲದ ನಂಬರು, ಅವಸರ, ದುಡ್ಡು. ನನ್ನ ಸ್ಲೈಡಿನ ಮೂರೂ ಲಕ್ಷಣ ಒಂದೇ ಉಸಿರಿನಲ್ಲಿ ಬಂದಿದ್ದವು. ಅಳುವಿನ ನಡುವೆಯೂ ನನಗೊಂದು ಬಗೆಯ ಖುಷಿಯಾಯಿತು. ಅದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಆದದ್ದು ಹೌದು. ನನ್ನ ಬಲೆಗೆ ಮೀನು ಬಿತ್ತು ಎನ್ನುವ ಖುಷಿ.

"ಒಂದು ನಿಮಿಷ ಅಮ್ಮ" ಎಂದೆ. "ಪೇಯಾರಾಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?"

"ಏನ್ರೀ?"

"ಪೇಯಾರಾ. ಹಣ್ಣು. ಕನ್ನಡದಲ್ಲಿ ಏನಂತೀರಿ ಹೇಳಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ಪ್ಯಾರಲ ರೀ" ಎಂದರು. "ಪ್ಯಾರಲ ಹಣ್ಣು. ಸರ್, ಇವರಿಗೆ..."

ಪ್ಯಾರಲ, ಪೇಯಾರಾ. ನನ್ನ ಕಿವಿಗೆ ಎರಡೂ ಒಂದೇ ಆಗಿ ಬಿದ್ದವು. ಬಂಗಾಳಿ ಮಾತನ್ನೇ ಕೊಂಚ ತಿರುಚಿ ವಾಪಸು ಕೊಡುತ್ತಿದ್ದಾಳೆ ಎಂದುಕೊಂಡೆ. ಮೈಸೂರಿನ ನಮ್ಮ ಕೇರಿಯಲ್ಲಿ ಸೀಬೆ ಎನ್ನುತ್ತೇವೆ, ಚೇಪೆ ಎಂದರೂ ಒಪ್ಪುತ್ತೇವೆ. ಪೇರಲೆ ಎಂಬ ಮಾತು ಪುಸ್ತಕಗಳಲ್ಲಿ ಕಣ್ಣಿಗೆ ಬಿದ್ದದ್ದೇ. ಗೊತ್ತಿಲ್ಲದ ಮಾತಲ್ಲ. ಆ ಹೊತ್ತಿಗೆ ಮಾತ್ರ ಜಗತ್ತಿನಲ್ಲಿ ಸೀಬೆಯೊಂದೇ ಇತ್ತು.

"ಕನ್ನಡ ಚೆನ್ನಾಗಿ ಕಲ್ತಿದೀಯಮ್ಮ" ಎಂದೆ, ಪಾಸಾಗದ ವಿದ್ಯಾರ್ಥಿಗೆ ಹೇಳುವ ಧಾಟಿಯಲ್ಲಿ. "ಬಂಗಾಳಿ ಹಣ್ಣು ಮಾತ್ರ ಬಾಯಿಂದ ಹೋಗಿಲ್ಲ." ಫೋನಿಟ್ಟೆ. ಅದೇ ನಂಬರು ಮತ್ತೆ ಬಂತು, ತೆಗೆಯಲಿಲ್ಲ. ಮತ್ತೆ ಬಂತು, ಇನ್ನು ಬಾರದಂತೆ ತಡೆದುಬಿಟ್ಟೆ.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ದೇಶಪಾಂಡೆಯವರ ಫೋನಿಗೆ ಒಮ್ಮೆ ಕರೆ ಮಾಡಿದೆ, ಸ್ವಿಚ್ ಆಫ್ ಎಂದಿತು. ಪುರಿಯ ದೇವಸ್ಥಾನದೊಳಗೆ ಫೋನು ಬಿಡುವುದಿಲ್ಲವಲ್ಲ, ದರ್ಶನಕ್ಕೆ ನಿಂತಿರಬೇಕು ಎಂದುಕೊಂಡೆ. ಬುದ್ಧಿವಂತನಿಗೆ ಪ್ರತಿಯೊಂದಕ್ಕೂ ವಿವರಣೆ ಸಿಗುತ್ತದೆ, ಅದೇ ಅವನ ಗ್ರಹಚಾರ. ಆಮೇಲೆ ಸಂಘದ ವಾಟ್ಸಾಪ್ ಗುಂಪಿಗೆ ಬರೆದೆ: "ಎಚ್ಚರಿಕೆ! ಈಗ ತಾನೇ ದೇಶಪಾಂಡೆಯವರ ಶ್ರೀಮತಿಯವರ ಹೆಸರು ಹೇಳಿಕೊಂಡು ಒಬ್ಬಳು ನನಗೆ ಫೋನು ಮಾಡಿದ್ದಳು. ಧಾರವಾಡದ ಮಾತು ಅಚ್ಚುಕಟ್ಟಾಗಿ ಕಲಿತಿದ್ದಾಳೆ. ಸೀಬೆಹಣ್ಣಿನಲ್ಲಿ ಸಿಕ್ಕಿಬಿದ್ದಳು! ಈ ನಂಬರಿನ ಕರೆ ತೆಗೆಯಬೇಡಿ." ನಂಬರನ್ನೂ ಹಾಕಿದೆ. ಚಪ್ಪಾಳೆಗಳು, ಕೈ ಮುಗಿದ ಚಿತ್ರಗಳು ಸುರಿದವು. 'ಸರ್, ನಿಮ್ಮ ಉಪಾಯ ಫಲಿಸಿತು' ಎಂದು ಆ ಬ್ಯಾಂಕ್ ಅಧಿಕಾರಿಯೂ ಬರೆದರು. ನಾನು ಸುಖವಾಗಿ ಮಲಗಿ ನಿದ್ದೆ ಮಾಡಿದೆ.

ಭಟ್ಟರಿಗೆ ಮಧ್ಯಾಹ್ನದ ಗಿರಾಕಿ ಮುಗಿಯುವ ತನಕ ಫೋನು ನೋಡಲು ಪುರಸೊತ್ತಿಲ್ಲ. ಸಂಜೆ ನನ್ನ ಸಂದೇಶ ಓದಿ, ಮೋಸಗಾತಿಗೆ ನಾಲ್ಕು ಮಾತು ಬೈಯೋಣವೆಂದು ಅವರೇ ಆ ನಂಬರಿಗೆ ಕರೆ ಮಾಡಿದರಂತೆ. ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿಯಿತು.

"ಎಂತ ಮಾಡಿದ್ದು ಮಾರಾಯ್ರೆ ನೀವು?" ಭಟ್ಟರು ಕೂಗಿದರು. "ಅದು ಅಕ್ಕನೇ! ಬೈಲಿಕ್ಕೆ ಅಂತ ಫೋನ್ ಮಾಡಿದೆ, 'ಹಲೋ' ಅಂದದ್ದೇ ನಂಗೆ ಗೊತ್ತಾಯ್ತು. ಅಕ್ಕನ ಸ್ವರ ಗೊತ್ತಾಗುದಿಲ್ವಾ ನಿಮ್ಗೆ? ಅವ್ರ ಕೈ ಊಟ ಎಷ್ಟು ವರ್ಷ ಉಂಡದ್ದು ನೀವು?"

ನಾನು ಪೇಯಾರಾ, ಪ್ಯಾರಲ ಎಂದು ಏನೋ ತೊದಲಿದೆ.

"ನಮ್ಮಲ್ಲಿಯೂ ಪೇರಳೆ ಅಂತಲೇ ಹೇಳುದು. ನಾನು ಸಾಯ್ಲಿಕ್ಕೆ ಬಿದ್ದು ಫೋನ್ ಮಾಡಿದ್ರೂ ನನ್ನನ್ನೂ ಕಳ್ಳ ಮಾಡ್ತಿದ್ರಾ?"

ಆ ಫೋನು ಆಸ್ಪತ್ರೆಯಲ್ಲಿ ಪಕ್ಕದ ರೋಗಿಯ ಮಗನದು. ಭಟ್ಟರು ಅವನ ಮೂಲಕವೇ ದುಡ್ಡು ಕಳಿಸಿದರು. ಆ ರಾತ್ರಿಯ ರೈಲಿಗೇ ಪುರಿಗೆ ಹೊರಟರು. ನಾನೂ ಬರುತ್ತೇನೆ ಎಂದೆ. "ನೀವು ಬೇಡ" ಎಂದರು, ಅಷ್ಟೇ.

ಗುಂಪಿನಲ್ಲಿ ನನ್ನ ಸಂದೇಶವನ್ನು ಅಳಿಸಿದೆ. ಅದರ ಕೆಳಗೆ ಬಂದಿದ್ದ ಚಪ್ಪಾಳೆಗಳನ್ನು ಅಳಿಸಲು ನನಗೆ ಅಧಿಕಾರವಿರಲಿಲ್ಲ. ಅವು ಹಾಗೇ ಉಳಿದವು. ಯಾರೂ ನನ್ನನ್ನು ಬೈಯಲಿಲ್ಲ. ಎಚ್ಚರಿಕೆಯಿಂದ ಇದ್ದದ್ದು ತಪ್ಪಲ್ಲ ಸರ್, ಕಾಲವೇ ಹೀಗೆ ಎಂದು ಇಬ್ಬರು ಮೂವರು ಸಮಾಧಾನ ಹೇಳಿದರು. ಒಬ್ಬನಾದರೂ ಛೀಮಾರಿ ಹಾಕಿದ್ದರೆ ಒಂದು ತುತ್ತು ಅನ್ನ ಗಂಟಲಿನಲ್ಲಿ ಇಳಿಯುತ್ತಿತ್ತು.

ದೇಶಪಾಂಡೆ ಬದುಕಿದರು. ಆದರೆ ಹೃದಯದ ಒಂದು ಭಾಗ ಸೋತಿತ್ತು. ಮಹಡಿ ಹತ್ತಬಾರದು, ದೂರ ನಡೆಯಬಾರದು. ತಡವಾದದ್ದರಿಂದ ಹೀಗಾಯಿತೋ, ಮೊದಲೇ ಇತ್ತೋ ವೈದ್ಯರು ಖಚಿತವಾಗಿ ಹೇಳಲಿಲ್ಲ. ನಾನು ಕೇಳಲೂ ಹೋಗಲಿಲ್ಲ, ಉತ್ತರ ಕೇಳುವ ಧೈರ್ಯವಿರಲಿಲ್ಲ. ಭಟ್ಟರ ದುಡ್ಡು ಸೇರುವ ಮೊದಲೇ ಚಿಕಿತ್ಸೆ ಶುರುವಾಗಿತ್ತೆಂದು ಆಮೇಲೆ ತಿಳಿಯಿತು. ದೇಶಪಾಂಡೆಯವರ ಮನೆಯವರು ಕೈಯಲ್ಲಿದ್ದ ಪಾಟ್ಲಿಗಳನ್ನು, ಎಂದರೆ ಅವರ ತಾಯಿಯ ಕಾಲದ ದಪ್ಪ ಚಿನ್ನದ ಬಳೆಗಳನ್ನು, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಮಾರಿ ಬಂದಿದ್ದರು.

ಇದು ಗೊತ್ತಾದ ಮೇಲೆ ಯಾರಿಗೂ ಹೇಳದೆ ಪುರಿಗೆ ಹೋದೆ. ಪಾಟ್ಲಿಗಳನ್ನು ಎಷ್ಟು ಕೊಟ್ಟಾದರೂ ಮರಳಿ ಕೊಂಡು ತರುವ ಹಂಬಲ. ಅಂಗಡಿ ಸಿಕ್ಕಿತು. ಮಾಲೀಕ ಸಭ್ಯ ಮನುಷ್ಯ, ಕೂರಿಸಿ ನೀರು ಕೊಟ್ಟ. ಬಳೆಗಳನ್ನು ಅದೇ ವಾರ ಕರಗಿಸಿಬಿಟ್ಟೆ ಎಂದ. ಎಷ್ಟಕ್ಕೆ ಕೊಂಡಿರಿ ಎಂದು ಕೇಳಿದೆ. ಅಷ್ಟು ಮಾತ್ರವೇ ಎಂದು ನನ್ನ ಬಾಯಿಂದ ಬಂತೋ ಏನೋ, ಅವನ ಮುಖ ಸಣ್ಣಗಾಯಿತು. "ನಾನೇನು ಮಾಡಲಿ ಬಾಬು, ಆ ತಾಯಿ ಬೆಲೆಯನ್ನು ಕೇಳಲೇ ಇಲ್ಲ. ತೂಕವನ್ನೂ ನೋಡಲಿಲ್ಲ. ಬೇಗ ಕೊಡಿ ಅಂದರು" ಎಂದ.

ಅವಸರದಲ್ಲಿರುವ ಮನುಷ್ಯ ಬೆಲೆ ನೋಡುವುದಿಲ್ಲ. ಇದು ನನ್ನದೇ ವಾಕ್ಯ. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ಹುಡುಗರು ಎಷ್ಟು ಪರೀಕ್ಷೆಗಳಲ್ಲಿ ಇದನ್ನೇ ಬರೆದು ಅಂಕ ಗಳಿಸಿದ್ದಾರೋ. ಆ ಅಂಗಡಿಯ ಗಾದಿಯ ಮೇಲೆ ಕೂತು ಆ ವಾಕ್ಯಕ್ಕೆ ಒಂದು ಮುಖ ಬಂದದ್ದನ್ನು ನೋಡಿದೆ. ಬರಿಗೈಯಲ್ಲಿ ಹಿಂದಿರುಗಿದೆ.

ಕಸ್ಬಾದ ಮನೆಗೆ ಹೋಗಲು ಮತ್ತಷ್ಟು ದಿನ ಬೇಕಾಯಿತು. ನನಗಿದ್ದದ್ದು ಅದೊಂದೇ ಮನೆ. ಆ ಬಾಗಿಲು ಮುಚ್ಚಿದರೆ ಈ ಊರಿನಲ್ಲಿ ನನ್ನನ್ನು ಊಟಕ್ಕೆ ಏಳಿ ಎನ್ನುವವರಿಲ್ಲ. ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಹೋದೆ. ಬಾಗಿಲು ತೆರೆದವರು ದೇಶಪಾಂಡೆಯವರ ಮನೆಯವರೇ. ಮುಖ ನೋಡಲಾಗದೆ ಕೈ ನೋಡಿದೆ. ಮಣಿಕಟ್ಟಿನಲ್ಲಿ ಗಾಜಿನ ಬಳೆ ಮಾತ್ರ ಇದ್ದವು.

"ಬರ್ರಿ, ಎಷ್ಟ ದಿನಾ ಆತು" ಎಂದರು, ಎಂದಿನ ಹಾಗೆಯೇ.

ದೇಶಪಾಂಡೆ ದಿಂಬಿಗೊರಗಿ ಮಂಚದ ಮೇಲಿದ್ದರು. ಅರ್ಧ ಇಳಿದುಹೋಗಿದ್ದರು. ನನ್ನನ್ನು ನೋಡಿ, "ಏನ್ರಿ ಪ್ರೊಫೆಸರ್, ಒಳಗ ಬರಬೇಕಂದ್ರ ಹಣ್ಣಿನ ಹೆಸರು ಹೇಳಬೇಕೇನು ಈಗ?" ಎಂದು ನಕ್ಕರು. ನಕ್ಕದ್ದಕ್ಕೇ ಏದುಸಿರು ಬಂತು. ಅವರ ಕಾಲ ಬಳಿ ಕೂತುಬಿಟ್ಟೆ. ಏನೇನೋ ಸಿದ್ಧ ಮಾಡಿಕೊಂಡು ಹೋಗಿದ್ದೆ. "ನನ್ನಿಂದ ದೊಡ್ಡ ತಪ್ಪಾಯಿತು" ಎನ್ನುವುದಷ್ಟೇ ಹೊರಗೆ ಬಂತು, ಅಳುವೂ ಬಂತು.

ದೇಶಪಾಂಡೆಯವರ ಮನೆಯವರು ಒಳಗೆ ಹೋಗಿ ತಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟರು. ಹೋಳು ಮಾಡಿದ ಸೀಬೆಹಣ್ಣು, ಮೇಲೆ ಉಪ್ಪು ಖಾರ. ಬೇಕೆಂದೇ ತಂದರೋ, ಮನೆಯಲ್ಲಿದ್ದದ್ದು ಅದೊಂದೇ ಆಗಿತ್ತೋ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಅವರು ನಮ್ಮೆದುರು ಕುರ್ಚಿ ಎಳೆದುಕೊಂಡು ಕೂತರು.

"ನಿಮ್ಮ ನಂಬರ್ ರೊಟ್ಟಿ ಬಡಿಯೂವಾಗ ಹಾಡಿನಂಗ ಅನಕೋತ ಬಾಯಿಪಾಠ ಮಾಡಿದ್ದೆ ನೋಡ್ರಿ" ಎಂದರು. "ನೀವು ಸಭಾದಾಗ ಹೇಳಿದ್ರಲ್ಲ, ಒಂದರ ನಂಬರ್ ನೆನಪಿನ್ಯಾಗ ಇಟ್ಕೋರಿ ಅಂತ. ನನಗ ಬ್ಯಾರೆ ಯಾರ್ದೂ ಬರತಿರಲಿಲ್ಲ."

ಹೇಳಿಕೊಟ್ಟ ಪಾಠವನ್ನು ಇಡೀ ಸಭೆಯಲ್ಲಿ ಕಲಿತವರು ಬಹುಶಃ ಅವರೊಬ್ಬರೇ.

"ಆವತ್ತ ಎದ್ದು ನಿಂತು, ನಮ್ಮ ಕಡೆ ಇದಕ್ಕ ಪ್ಯಾರಲ ಅಂತಾರಲ್ರೀ ಅಂದೆ. ನೀವು ಪ್ರಶ್ನಿ ಕೊನೀಗೆ ಕೇಳ್ರಿ ಅಂದ್ರಿ. ಕೊನೀಗೆ ಚಾ ಬಂತು."

ಬೆಳಕಿನ ಆಚೆ ಎದ್ದು ನಿಂತಿದ್ದ ಆ ಆಕೃತಿಗೆ ಈಗ ಮುಖ ಬಂತು. ಎಷ್ಟೋ ವರ್ಷಗಳ ಹಿಂದೆ ಚಹಾ ಕುಡಿಸುತ್ತ ದಾದಾ ಕೇಳಿದ ಮಾತೂ ನೆನಪಾಯಿತು.

"ಬಿಡ, ಅವರಿಗೆ ಮೊದಲ ಬ್ಯಾಸರಾಗೇದ" ಎಂದರು ದೇಶಪಾಂಡೆ ಹೆಂಡತಿಗೆ.

"ಸಿಟ್ಟಿಲ್ರೀ ನನಗ. ಒಂದ ಮಾತು ತಿಳೀವಲ್ದು, ಅದನ್ನ ಕೇಳ್ತೇನಿ." ಅವರು ನನ್ನ ಕಡೆ ತಿರುಗಿದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಧ್ವನಿ. ಆ ಧ್ವನಿಯನ್ನು ನಾನು ಆಗ ಮೊದಲ ಸಲ ಕೇಳಿಸಿಕೊಂಡೆ. "ಫೋನಿನ್ಯಾಗ ನೀವು ಹಣ್ಣಿನ ಹೆಸರು ಯಾಕ ಕೇಳಿದ್ರಿ? ನನ್ನ ಹೆಸರು ಕೇಳಿದ್ರ ಮುಗೀತಿತ್ತಲ್ರೀ?"

ತಟ್ಟೆಯಿಂದ ಒಂದು ಹೋಳು ಎತ್ತಿಕೊಂಡೆ. ಸರಿಯುತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾವ ಮೇಷ್ಟ್ರೂ ಕೇಳುವುದಿಲ್ಲ. ಅವರು "ತಿನ್ರಿ, ಖಾರ ಹೆಚ್ಚಿಲ್ಲ" ಎಂದು ಎದ್ದು ರೊಟ್ಟಿ ಬಡಿಯಲು ಒಳಗೆ ಹೋದರು.

ಉಂಡು, ಮೆಟ್ಟಿಲಿಳಿದು, ಬೀದಿಯ ಮೂಲೆಗೆ ಬಂದು ಭಟ್ಟರಿಗೆ ಫೋನು ಮಾಡಿದೆ. ಅವರು ಆಗಿನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ. "ಭಟ್ರೇ, ಒಂದು ವಿಷಯ ಕೇಳಬೇಕಿತ್ತು. ದೇಶಪಾಂಡೆಯವರ ಮನೆಯವರ ಹೆಸರು ಏನು?"

ಆ ಕಡೆ ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುತ್ತಿತ್ತು. ನಾನು ತಮಾಷೆ ಮಾಡುತ್ತಿದ್ದೇನೆಂದು ಭಟ್ಟರು ತಿಳಿದಿರಬೇಕು.

"ಎಂತ ಹೆಸರು ಮಾರಾಯ್ರೆ?" ಎಂದರು. "ಸುಶೀಲಕ್ಕನದ್ದಾ?"